ಸಾವು ಕಾಣದ ಮಂಚ

ಹರದನಹಳ್ಳಿಯ ನಮ್ಮ ಮನೆಯಲ್ಲಿ ಮೊದಲು ನಮ್ಮ ಕೈಗೇ ಬಂದ ವಸ್ತು ಅಂತ ಒಂದೂ ಇರಲಿಲ್ಲ. ಬೀದಿ ಬಾಗಿಲು ಚಾಮರಾಜನಗರದಲ್ಲಿ ರಸ್ತೆ ಅಗಲ ಮಾಡುವಾಗ ಕೆಡವಿದ ಯಾವುದೋ ಅಂಗಡಿಯದು. ನಮ್ಮ ಚೌಕಟ್ಟಿಗೆ ಉದ್ದ ಹೆಚ್ಚಾಯಿತೆಂದು ಅಪ್ಪ ಕೆಳಗೆ ಕೊಯ್ದ, ಕೊಯ್ದದ್ದು ಜಾಸ್ತಿಯಾಗಿ ಬೆಕ್ಕು ನುಸುಳುವಷ್ಟು ಸಂದು ಉಳಿಯಿತು. ಮಳೆ ಬಂದರೆ ಆ ಸಂದಿಗೆ ಅವ್ವ ಗೋಣಿಚೀಲ ತುರುಕುತ್ತಿದ್ದಳು. ನಡುಮನೆಯ ಬೆಂಚು ಯಾವುದೋ ಶಾಲೆಯದು, ಅದರ ಮೇಲೆ ಹುಡುಗರು ಕೈವಾರದ ಮೊನೆಯಲ್ಲಿ ಕೊರೆದ ಹೃದಯ, ಬಾಣ, ಬೈಗುಳ ಎಲ್ಲ ಇದ್ದವು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಪದ ಆ ಬೆಂಚಿನ ಮೇಲಿನ ಒಂದು ಬೈಗುಳ. ಗಟ್ಟಿಯಾಗಿ ಓದಿ ಹೇಳಿದ್ದಕ್ಕೆ ಏಟೂ ಬಿತ್ತು. ಕನ್ನಡಿ ಕ್ಷೌರದಂಗಡಿಯದು. ಒಂದು ಮೂಲೆಯಲ್ಲಿ ಪಾದರಸ ಹೋಗಿ, ಅದರಲ್ಲಿ ಮುಖ ನೋಡಿಕೊಂಡವರಿಗೆಲ್ಲ ಒಂದು ಕಿವಿ ಇರುತ್ತಿರಲಿಲ್ಲ.

ಇನ್ನು ಪಾತ್ರೆಗಳ ಕಥೆ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವುದು ರೂಢಿ. ಮದುವೆಗೆ ಉಡುಗೊರೆ ಕೊಡುವವರಂತೂ ಹೆಸರು ಹಾಕಿಸದೆ ಒಂದು ಲೋಟವನ್ನೂ ಕೊಡುವುದಿಲ್ಲ. ನಮ್ಮ ಮನೆಯ ತಟ್ಟೆ, ಚೊಂಬು, ಸೌಟು ಎಲ್ಲದರ ಮೇಲೂ ಹೆಸರಿತ್ತು, ನಮ್ಮದೊಂದು ಬಿಟ್ಟು. ಅಪ್ಪ ಉಣ್ಣುವ ಮೊದಲು ತಟ್ಟೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ.

"ಇವತ್ತು ಯಾರ ಮನೇಲಮ್ಮಿ ಊಟ? ಓಹೋ, ದೇವೀರಮ್ಮಾರ ಮನೇಲಿ. ಉಪ್ಸಾರು ಸಂದಾಗಿ ಮಾಡವ್ರೆ ಕಣ, ನಮ್ಮ ಮನೇವ್ಳಿಗೆ ಈ ಕೈ ಬರಾಕಿಲ್ಲ."

"ಅಂಗಾರೆ ಅಲ್ಲೇ ಓಗಿ ಉಣ್ಕೊಂಡು ಬರೋದು" ಅಂತ ಅವ್ವ ಮುದ್ದೆಯನ್ನು ತಟ್ಟೆಗೆ ತಟ್ಟೆಂದು ಹಾಕುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆ ನಗುವಿಗಾಗಿಯೇ ನಾನು ದಿನವೂ ಬೇರೆ ಬೇರೆ ಹೆಸರಿನ ತಟ್ಟೆ ಹುಡುಕಿ ಅಪ್ಪನ ಮುಂದೆ ಇಡುತ್ತಿದ್ದೆ.

ಹಳೇ ಸಾಮಾನು ಆರಿಸುವುದು ಅವ್ವನಿಗೆ ಒಲಿದಿದ್ದ ವಿದ್ಯೆ. ಕೂಲಿಗೆ ಹೋಗದ ದಿನ ಅವಳ ಕಾಲು ಗುಜರಿ ಅಂಗಡಿಯ ಕಡೆಗೇ ತಿರುಗುತ್ತಿತ್ತು. ಸಂಜೆ ಹೊತ್ತು ಮಾತ್ರ ಹೋಗುತ್ತಿರಲಿಲ್ಲ, ಮಬ್ಬು ಬೆಳಕಿನಲ್ಲಿ ತುಕ್ಕೂ ಬಣ್ಣದಂತೆಯೇ ಕಾಣುತ್ತದೆ ಅನ್ನುತ್ತಿದ್ದಳು. ಕುರ್ಚಿ ಇರಲಿ ಕೊಡಪಾನ ಇರಲಿ, ಮೊದಲು ಮಗುಚಿ ಹಾಕಬೇಕು. "ಮೊಕ ನೋಡಿ ಮಳ್ಳಾಗ್ಬೇಡ, ತಿಕ ತಿರುಗ್ಸಿ ನೋಡು" ಅನ್ನುವುದು ಅವಳ ವೇದವಾಕ್ಯ. ಮರದ ಪೆಟ್ಟಿಗೆಯಾದರೆ ಮುಚ್ಚಳ ತೆಗೆದು ಮೂಗು ಒಳಗಿಡಬೇಕು. ಗೆದ್ದಲು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುತ್ತದೆ. ಹಿತ್ತಾಳೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕೇಳಬೇಕು, ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಎಲ್ಲಕ್ಕಿಂತ ದೊಡ್ಡದು, ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಬಾರದು. ಅದರ ಪಕ್ಕದ್ದರ ಬೆಲೆ ಕೇಳಿ, ಮೂಗು ಮುರಿದು, ಹೊರಟು, ಬಾಗಿಲಲ್ಲಿ ನಿಂತು, "ಅದೇನದು, ಅದಾದ್ರೂ ಎಷ್ಟು" ಅನ್ನಬೇಕು. ಈಗ ನನ್ನ ಮಗಳು ಚಾಮರಾಜನಗರದಲ್ಲಿ ಕೂತು ಫೋನಿನಲ್ಲಿ ಚಿತ್ರ ನೋಡಿ ಹಳೇ ಮೇಜು ತರಿಸುತ್ತಾಳೆ. ಚಿತ್ರವನ್ನು ಮಗುಚಿ ಹಾಕುವುದು ಹೇಗೆ? ಬಂದ ಮೇಜಿನ ಒಂದು ಕಾಲಿಗೆ ಇವತ್ತಿಗೂ ಇಟ್ಟಿಗೆ ಚೂರು ಕೊಟ್ಟಿದ್ದೇವೆ.

ಆದರೆ ಅವ್ವನ ವಿದ್ಯೆಗೆ ಒಂದು ಮಿತಿ ಇತ್ತು. ಅದು ಆಮೇಲೆ ನಮ್ಮ ಕೊರಳಿಗೇ ಬಂತು. ಹಳೇ ಸಾಮಾನಿನ ಅಂಗಡಿಗೆ ಸಿಕ್ಕಿದ್ದನ್ನು ತರಲು ಹೋಗಬಹುದು, ಬೇಕಾದ್ದನ್ನು ಹುಡುಕಿಕೊಂಡು ಹೋಗಬಾರದು. ಚೊಂಬು ಬೇಕಾದ ದಿನ ಅಲ್ಲಿ ಬರೀ ಮುಚ್ಚಳ ಇರುತ್ತವೆ. ಮುಚ್ಚಳ ಬೇಕೆಂದು ಹೋದರೆ ರೆಕ್ಕೆಯಿಲ್ಲದ ಫ್ಯಾನು ತೋರಿಸುತ್ತಾರೆ. ನಾಳೆ ಬರುತ್ತೇನೆ ಅಂದು ಬಿಟ್ಟು ಬಂದದ್ದು ನಾಳೆ ಇರುವುದೇ ಇಲ್ಲ. ಅವ್ವ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚೊಂಬಿಲ್ಲದಿದ್ದರೆ ಫ್ಯಾನಿನ ಬಟ್ಟಲಲ್ಲೇ ನೀರು ಕುಡಿಸುವ ಹೆಂಗಸು ಅವಳು. ಇದೇ ಬೇಕು, ಇವತ್ತೇ ಬೇಕು ಅನ್ನುವ ಹಟ ಅವಳ ಬದುಕಿಗೆ ಅಲ್ಲಿಯ ತನಕ ಬಂದಿರಲಿಲ್ಲ.

ಮನೆಗೆ ಬರುವ ಹಳೇ ವಸ್ತುಗಳಿಗೆ ಹೊಸ್ತಿಲಲ್ಲಿ ಒಂದು ಸುಂಕದ ಕಟ್ಟೆ ಇತ್ತು, ನಮ್ಮ ಅಜ್ಜಿ. ಅಪ್ಪನ ತಾಯಿ. ಬಾಗಿಲು, ಬೆಂಚು, ಪಾತ್ರೆಗೆ ಅವಳ ತಕರಾರಿರಲಿಲ್ಲ. ಮಂಚ, ಹಾಸಿಗೆ, ಕಂಬಳಿ ಮಾತ್ರ ಕೂಡದು. ನಮ್ಮಲ್ಲಿ ಪ್ರಾಣ ಹೋಗುವ ಹೊತ್ತಿಗೆ ಜೀವವನ್ನು ಮಂಚದಿಂದ ನೆಲಕ್ಕಿಳಿಸಿ, ಬಾಯಿಗೆ ಹಾಲು ಬಿಡುತ್ತಾರೆ. ಮಂಚದ ಮೇಲೆ ಹೋದವರು ಮಂಚ ಬಿಡುವುದಿಲ್ಲ, ಆಮೇಲೆ ಅದರಲ್ಲಿ ಮಲಗಿದವರನ್ನು ಕರೆಯುತ್ತಾರೆ ಅನ್ನುವುದು ನಂಬಿಕೆ. ಪೇಟೆಯವರು ಯಾರನ್ನು ಇಳಿಸುತ್ತಾರೆ, ಯಾರನ್ನು ಬಿಡುತ್ತಾರೆ ಯಾರಿಗೆ ಗೊತ್ತು? ಅಜ್ಜಿಗೆ ಇದು ಬರೀ ನಂಬಿಕೆಯಾಗಿರಲಿಲ್ಲ. ಅವಳ ಹಿರೀ ಮಗ ಎಳೆಯ ವಯಸ್ಸಿನಲ್ಲಿ ನೆಂಟರ ಮನೆಯಲ್ಲಿ ಯಾರದೋ ಕಂಬಳಿ ಹೊದ್ದು ಮಲಗಿ ಬಂದವನು ಜ್ವರ ಹಿಡಿದು ಹೋಗಿದ್ದ. ಉಳಿದವನು ನಮ್ಮಪ್ಪ. ನಾವೆಲ್ಲ ಚಾಪೆಯ ಮೇಲೆ ಮಲಗುವವರು, ಆದ್ದರಿಂದ ಈ ವಿಷಯಕ್ಕೆ ಅತ್ತೆ ಸೊಸೆ ಜಗಳವಾಡುವ ಪ್ರಸಂಗವೂ ಬಂದಿರಲಿಲ್ಲ.

ಅಪ್ಪ ಲಾರಿಗೆ ಅರಿಶಿನದ ಮೂಟೆ ಲೋಡು ಮಾಡುವವನು. ಆ ಕೆಲಸ ಇರುವಷ್ಟು ಕಾಲ ಅವನ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಹಳದಿ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಲೋಡಿನ ತುದಿಯಲ್ಲಿ ನಿಂತು ಹಗ್ಗ ಬಿಗಿಯುವಾಗ ಹಗ್ಗ ಕಿತ್ತಿತು. ಕೆಳಗೆ ಕಲ್ಲಿನ ಕಟ್ಟೆಯ ಅಂಚು, ಅದರ ಮೇಲೆ ಬೆನ್ನು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು, ಜೀವ ಉಳಿದಿದೆ, ಸೊಂಟದಿಂದ ಕೆಳಗೆ ಬರುವುದಿಲ್ಲ ಅಂತ ಹೇಳಿ ಕಳಿಸಿದರು. ಕಳಿಸುವಾಗ ಡಾಕ್ಟರು ಅವ್ವನಿಗೆ ಎರಡು ಮಾತು ಹೇಳಿದ್ದರು: ದಿನಕ್ಕೆ ನಾಲ್ಕಾರು ಸಲ ಮಗ್ಗುಲು ತಿರುಗಿಸಬೇಕು, ನೆಲದ ಮೇಲೆ ಮಲಗಿಸಕೂಡದು. ಗಾಳಿಯಾಡುವ ಕಬ್ಬಿಣದ ಮಂಚ, ನವಾರು ಹೆಣೆದದ್ದು, ತಲೆ ಕಡೆ ಸ್ವಲ್ಪ ಎತ್ತರ ಮಾಡುವಂಥದ್ದು ಬೇಕು.

ನಮ್ಮ ಮನೆಯ ನೆಲ ಕಲ್ಲು ಚಪ್ಪಡಿಯದು. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಸ್ವರ್ಗ. ಅಲ್ಲಾಡಲಾಗದವನಿಗೆ ಮಾತ್ರ ಅದು ಹಲ್ಲಿರುವ ನೆಲ. ಚಾಪೆ, ಚಾಪೆಯ ಮೇಲೆ ಕೌದಿ, ಕೌದಿಯ ಮೇಲೆ ಅವ್ವನ ಹಳೇ ಸೀರೆಗಳನ್ನೆಲ್ಲ ಮಡಿಸಿ ಹಾಸಿದರೂ ಬಂದ ಕೆಲವೇ ದಿನಕ್ಕೆ ಅಪ್ಪನ ಸೊಂಟದ ಮೇಲೆ ಒಂದು ಕೆಂಪು ಕಲೆ ಬಿತ್ತು. ಅವ್ವ ಹೊಸ ಮಂಚದ ಅಂಗಡಿಗೆ ಹೋಗಿ ಬೆಲೆ ಕೇಳಿಕೊಂಡು ಬಂದಳು, ಮತ್ತೆ ಅದರ ಮಾತೆತ್ತಲಿಲ್ಲ. ಮಾರನೇ ದಿನ ಬಚ್ಚಲಿನ ತಾಮ್ರದ ಹಂಡೆಯನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು.

ಮಂಚ ಅವತ್ತೇ ಸಿಕ್ಕಿತು. ಚಾಮರಾಜನಗರದ ಗುಜರಿಯಲ್ಲಿ, ಮೊದಲನೇ ಅಂಗಡಿಯಲ್ಲೇ, ಬಿಳೀ ಬಣ್ಣದ ಕಬ್ಬಿಣದ ಮಂಚ, ಕೈಯಿಂದ ತಿರುಗಿಸಿದರೆ ತಲೆ ಕಡೆ ಏಳುವಂಥದ್ದು. ಡಾಕ್ಟರು ಹೇಳಿದ್ದಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಹಂಡೆ ಕೊಟ್ಟು, ಮಂಚವನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಅವ್ವ ಮಧ್ಯಾಹ್ನದ ಹೊತ್ತಿಗೆ ಬಂದಳು. ಅಜ್ಜಿ ಹೊಸ್ತಿಲ ಮೇಲೆ ಕೂತಳು, ಎದ್ದೇಳಲಿಲ್ಲ.

"ಎಲ್ಲೀದು?"

"ಅಂಗಡೀದು ಕಣತ್ತೆ."

"ಮಂಚ ಅಂಗಡೀಲಿ ಬೆಳೀತದಾ? ಎಲ್ಲೀದು ಅಂತ ಕೇಳ್ದೆ."

ಅವ್ವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆಸ್ಪತ್ರೇದು" ಅಂದಳು.

"ಅಂಗಾರೆ ಎಷ್ಟು ಜನ ಓಗವ್ರೋ ಇದ್ರ ಮ್ಯಾಲೆ. ನನ್ನ ಮಗ ಇನ್ನೂ ಉಸ್ರಾಡ್ತಾವ್ನೆ ಕಣಮ್ಮಿ. ಸತ್ತೋರ ಪಕ್ಕದಲ್ಲಿ ಅವ್ನ ಮಡಗ್ಬೇಡ. ಅವ್ನಿಗೇನಾರ ಆಯ್ತು ಅಂದ್ರೆ ನಾಳೆ ನಿನ್ನ ಮೊಕ ನೀನೇ ನೋಡ್ಕೊಳಾಕಾಗಲ್ಲ."

ಕೊನೆಯ ಮಾತು ಅವ್ವನಿಗೆ ತಾಗಿತು. ಅವಳು ಅಜ್ಜಿಗೆ ಹೆದರುವವಳಲ್ಲ, ಅದಕ್ಕಿಂತ ದೊಡ್ಡ ದೊಡ್ಡ ಜಗಳ ಗೆದ್ದವಳು. ಆದರೆ ಆ ನಂಬಿಕೆ ಅವಳೊಳಗೂ ಇತ್ತು. ಗಾಡಿಯಲ್ಲಿದ್ದ ಮಂಚವನ್ನು ಅವಳೇ ಒಮ್ಮೆ ನೋಡಿ ಕಣ್ಣು ಪಕ್ಕಕ್ಕೆ ತಿರುಗಿಸಿದ್ದನ್ನು ನಾನು ನೋಡಿದೆ. ಬೀದಿಯವರೆಲ್ಲ ಸೇರಿದರು, ಎಲ್ಲರೂ ಒಂದೊಂದು ಸತ್ತವರ ಮಂಚದ ಕಥೆ ಹೇಳಿದರು. ಒಳಗೆ ಚಪ್ಪಡಿಯ ಮೇಲೆ ಮಲಗಿದ್ದ ಅಪ್ಪನಿಗೆ ಇದೆಲ್ಲ ಕೇಳಿಸುತ್ತಿತ್ತು. ಗಾಡಿ ಬಂದ ದಾರಿಯಲ್ಲೇ ತಿರುಗಿತು. ಅಂಗಡಿಯವನು ಹಿಡಿಶಾಪ ಹಾಕಿ ಹಂಡೆ ವಾಪಸು ಕೊಟ್ಟ.

ಅಲ್ಲಿಂದ ಶುರುವಾಯಿತು ಅವ್ವನ ಅಲೆದಾಟ. ಅವಳಿಗೀಗ ಬೇಕಾಗಿದ್ದದ್ದು ಸಾವು ಕಾಣದ ಮಂಚ. ಹೊಸದಲ್ಲದ, ಆದರೆ ಯಾರೂ ಸತ್ತಿಲ್ಲದ ಮಂಚ. ಸಂತೆಮರಹಳ್ಳಿಯ ಸಂತೆ ದಿನ ನನ್ನನ್ನೂ ಕರೆದುಕೊಂಡು ಹೋದಳು. ಸಂತೆಯ ಅಂಚಿನಲ್ಲಿ ಹಳೇ ಸಾಮಾನು ಹರವಿಕೊಂಡವರ ನಡುವೆ ಒಂದು ಮರದ ಮಂಚವಿತ್ತು. ಅವ್ವ ಅದರ ಮೂಲೆಯ ಸಂದಿಗೆ ಹೇರ್‌ಪಿನ್ನು ತೂರಿಸಿ ಎಳೆದಳು, ತುದಿಯಲ್ಲಿ ತಿಗಣೆ ಬಂತು. ಕುದಿಯುವ ನೀರು ಹೊಯ್ದರೆ ತಿಗಣೆ ಸಾಯುತ್ತದೆ, ಅದು ಅವಳಿಗೆ ದೊಡ್ಡದಲ್ಲ.

"ಇದ್ರ ಮ್ಯಾಲೆ ಯಾರಾರ ತೀರೋಗವ್ರಾ ಅಣ್ಣ?"

"ಅಯ್ಯೋ, ಇದು ಮದ್ವೆ ಮಂಚ ಕಣಕ್ಕ. ಗಂಡ ಎಂಡ್ರು ಬುಟ್ರೆ ಬ್ಯಾರೇರು ಮಲಗಿಲ್ಲ."

"ಆ ಗಂಡ ಎಂಡ್ರು ಈಗೆಲ್ಲವ್ರೆ?"

ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಎಲ್ಲ ಕಡೆಯೂ ಇದೇ. ಕೆಲವರು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು, ಅಷ್ಟು ಬೇಗ ಆಣೆ ಮಾಡುವವರನ್ನು ಅವ್ವ ನಂಬಲಿಲ್ಲ. ಕೆಲವರು ನಿಜ ಹೇಳಿದರು, ನಿಜ ಹೇಳಿದರೆ ಕೊಳ್ಳುವ ಹಾಗಿರಲಿಲ್ಲ. ಒಬ್ಬ ಮುದುಕ, "ಸಾವಿಲ್ದಿರೋ ಮಂಚ ಬೇಕಾದ್ರೆ ಮರ ಕಡ್ದು ಮಾಡುಸ್ಕೊ ತಾಯಿ. ಆ ಮರದಲ್ಲೂ ಯಾರಾದ್ರೂ ನೇಣಾಕ್ಕೊಂಡಿದ್ರೆ ನನ್ನ ಕೇಳ್ಬೇಡ" ಅಂದ. ಅವ್ವನ ವಿದ್ಯೆಯೂ ಕೈ ಕೊಟ್ಟಿತು. ಬೇಕಾದ್ದರ ಕಡೆ ನೋಡದೆ ವ್ಯಾಪಾರ ಮಾಡುತ್ತಿದ್ದವಳು ಈಗ ಅಂಗಡಿಗೆ ಕಾಲಿಡುವಾಗಲೇ ಮುಖದಲ್ಲಿ ಮಂಚ ಹೊತ್ತುಕೊಂಡು ಹೋಗುತ್ತಿದ್ದಳು. ಅದನ್ನು ಓದಿದವರು ಬೆಲೆ ಏರಿಸಿದರು. ಅವಳು ಚೌಕಾಶಿ ಮಾಡುವುದನ್ನೇ ಮರೆತು, ಒಂದೇ ಪ್ರಶ್ನೆ ಕೇಳಿ, ಉತ್ತರ ಕೇಳಿ, ಹೊರಗೆ ಬರುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳೆಂದರೆ ನನಗೆ ನೋಯುತ್ತಿತ್ತು, ಬಿಡು ಅನ್ನಲು ಧೈರ್ಯ ಬರುತ್ತಿರಲಿಲ್ಲ.

ಅರಿಶಿನ ಬೇಯಿಸುವ ಕಾಲ ಮುಗಿಯಿತು. ಮೊದಲ ಮಳೆ ಬಿತ್ತು. ಕಲ್ಲು ತಣ್ಣಗಾಯಿತು, ಗೋಡೆಯ ಬುಡದಿಂದ ತೇವ ಏರಿತು. ಅಪ್ಪನ ಬೆನ್ನಿನ ಕೆಂಪು ಕಲೆ ಹುಣ್ಣಾಗಿ, ಹುಣ್ಣು ಹಳ್ಳವಾಯಿತು. ಮನೆಯೊಳಗೆ ಒಂದು ವಾಸನೆ ಬಂತು. ಸಾಂಬ್ರಾಣಿ ಹಾಕಿದರೂ ಬೇವಿನ ಸೊಪ್ಪು ತಂದಿಟ್ಟರೂ ಹೋಗದ ವಾಸನೆ. ನಾನು ಶಾಲೆಯಿಂದ ಬಂದು ಬೇವಿನ ಕೊಂಬೆ ಹಿಡಿದು ನೊಣ ಓಡಿಸುತ್ತ ಕೂರುತ್ತಿದ್ದೆ. ಅಪ್ಪ ಮಾತು ಕಡಿಮೆ ಮಾಡಿದ. ತಟ್ಟೆಯ ಮೇಲಿನ ಹೆಸರು ಓದುವುದನ್ನೂ ಬಿಟ್ಟ. ಹುಣ್ಣು ತೊಳೆದು ಬಟ್ಟೆ ಕಟ್ಟಲು ಬರುತ್ತಿದ್ದ ನರ್ಸಮ್ಮ ಒಂದು ದಿನ ಕೈ ತೊಳೆಯುತ್ತ ಅವ್ವನಿಗೆ, "ಇನ್ನೂ ನೆಲದ ಮೇಲೇ ಮಲಗ್ಸಿದ್ದೀರಲ್ಲಮ್ಮ" ಅಂದಳು. ಅವ್ವ ನೀರು ಹೊಯ್ಯುತ್ತಿದ್ದವಳು ಚೊಂಬನ್ನು ಅಲ್ಲೇ ಇಟ್ಟು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು.

ಮಾರನೇ ದಿನ ನಾವಿಬ್ಬರೂ ಗುಂಡ್ಲುಪೇಟೆಗೆ ಹೋದೆವು. ಊಟಿಯಿಂದ, ವಯನಾಡಿನಿಂದ ಹಳೇ ಸಾಮಾನು ಇಳಿಯುವುದು ಅಲ್ಲಿ. ಎಸ್ಟೇಟಿನ ಬಂಗಲೆಗಳ ಕುರ್ಚಿ, ಉಣ್ಣೆಯ ಸ್ವೆಟರು, ಇಂಗ್ಲಿಷ್ ಅಕ್ಷರದ ಗಡಿಯಾರ. ಒಂದು ತಗಡಿನ ಶೆಡ್ಡಿನಲ್ಲಿ ಕೇರಳದ ಕಾಕ ಒಬ್ಬರು ಕೂತಿದ್ದರು, ಬಿಳೀ ಗಡ್ಡ, ಮಡಿಚಿ ಉಟ್ಟ ಲುಂಗಿ. ಶೆಡ್ಡಿನ ಹಿಂದೆ ಹಸಿರು ಬಣ್ಣದ ಕಬ್ಬಿಣದ ಮಂಚ, ಬಿಳೀ ನವಾರು. ಅವ್ವ ಅದನ್ನು ಮಗುಚಲಿಲ್ಲ, ಕುಟ್ಟಲಿಲ್ಲ. ನೇರವಾಗಿ ಕೇಳಿದಳು.

ಕಾಕ ಕೂತಲ್ಲಿಂದಲೇ ತಲೆಯಾಡಿಸಿದರು. "ಇದು ಮರಿಚ್ಚೋರ್ದು, ಸತ್ತೋರ್ದು ಅಲ್ಲ ಚೇಚಿ. ತೊಡೆ ಮೂಳೆ ಮುರ್ದಿತ್ತು, ಈಗ ನಡೀತಾರೆ. ರಿಟೈರ್ಡ್ ಮೇಷ್ಟ್ರು. ಮನೆ ಇಲ್ಲೇ, ಊಟಿ ರೋಡಲ್ಲಿ."

"ಬದುಕವ್ರಾ?"

"ಬೆಳಿಗ್ಗೆ ಚಾಯ ಕುಡ್ಯಾಕೆ ಬಂದಿದ್ರು."

"ಮನೆ ತೋರ್ಸಿ."

ಕಾಕ ಬೇಜಾರು ಮಾಡಿಕೊಳ್ಳದೆ ಅಂಗಡಿ ಬಿಟ್ಟು ಎದ್ದು ಬಂದು, ರಸ್ತೆಯ ತಿರುವಿನಿಂದ ಮನೆ ತೋರಿಸಿದರು. ಅವ್ವ ಗೇಟಿನ ಹತ್ತಿರ ನಿಂತು ನೀರು ಕೇಳಿದಳು. ಒಳಗಿನಿಂದ ಹೆಂಗಸೊಬ್ಬಳು ಲೋಟ ತಂದಳು, ಅವ್ವ ಕುಡಿದು, ಇನ್ನೊಂದು ಲೋಟ ಕೇಳಿದಳು, ಮೇಷ್ಟ್ರು ಹೊರಗೆ ಬರುವ ತನಕ ಕುಡಿಯುತ್ತಲೇ ಇದ್ದಳು. ಕಡೆಗೆ ಅವರು ಕೋಲೂರಿಕೊಂಡು ಜಗಲಿಗೆ ಬಂದರು.

"ಏನಮ್ಮ, ಏನಾಗ್ಬೇಕಿತ್ತು?"

"ಏನಿಲ್ಲ ಬುದ್ಧಿ. ನೀವು ಚೆನ್ನಾಗಿದ್ದೀರಾ ಅಂತ ನೋಡ್ಕೊಂಡು ಓಗನ ಅಂತ ಬಂದೊ."

ಮೇಷ್ಟ್ರು ತಬ್ಬಿಬ್ಬಾಗಿ ಚೆನ್ನಾಗಿದ್ದೇನೆ ಅಂದರು. ಅವ್ವ ಬಗ್ಗಿ ಅವರ ಕಾಲು ಮುಟ್ಟಿದಳು. ಮುರಿದು ಕೂಡಿದ ಕಾಲನ್ನೇ ಹುಡುಕಿ ಮುಟ್ಟಿದಳೋ ಏನೋ, ಎದ್ದಾಗ ಅವಳ ಕಣ್ಣು ತುಂಬಿತ್ತು.

ಕಾಕ ಹೇಳಿದ ಬೆಲೆಯನ್ನು ಅವ್ವ ಚೌಕಾಶಿ ಮಾಡದೆ ಕೊಟ್ಟಳು, ಮಂಚ ಬಸ್ಸಿನ ಮೇಲೇರಿತು. ಕಂಡಕ್ಟರು, "ಮನೇನೇ ಕಿತ್ಕೊಂಡು ಬಂದಿದ್ದೀಯಲ್ಲಮ್ಮ, ಒಲೆ ಒಂದು ಬುಟ್ಟು ಬಂದ್ಯಾ" ಅಂತ ದಾರಿಯುದ್ದಕ್ಕೂ ರೇಗಿಸಿದ. ಅವ್ವ ತಲೆಯ ಮೇಲೆ ಮಂಚ ಕಿರುಗುಟ್ಟುವುದನ್ನು ಕೇಳುತ್ತ ಕೂತಿದ್ದಳು. ಅವತ್ತು ಸಂಜೆ ಬೀದಿಯ ನಾಲ್ವರು ಗಂಡಸರು ಅಪ್ಪನನ್ನು ಕೌದಿಯ ಸಮೇತ ಎತ್ತಿ ಮಂಚದ ಮೇಲೆ ಮಲಗಿಸಿದರು. ಅಜ್ಜಿ ಮಂಚದ ನಾಲ್ಕು ಕಾಲಿಗೂ ಅರಿಶಿನ ಕುಂಕುಮ ಇಟ್ಟಳು. ಕಿಟಕಿ ಈಗ ಅಪ್ಪನ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಬೀದಿ, ಬೇವಿನ ಮರ, ಹೋಗಿ ಬರುವವರ ಮುಖ ಕಾಣುತ್ತಿದ್ದವು. ಅಷ್ಟು ತಿಂಗಳು ಅವನು ಬರೀ ಕಾಲುಗಳನ್ನು ನೋಡಿದ್ದ. ಊಟಕ್ಕೆ ಕೊಟ್ಟಾಗ ತಟ್ಟೆಯನ್ನು ಬೆಳಕಿಗೆ ಹಿಡಿದ. ನಾವು ಮೂವರೂ ಅವನ ಬಾಯನ್ನೇ ನೋಡುತ್ತಿದ್ದೆವು. ಅವನು ಹೆಸರು ಓದಲಿಲ್ಲ, ಅವ್ವನನ್ನು ಕೇಳಿದ.

"ಆ ಮೊದಲ್ನೇ ಮಂಚ ಏನಾಗಿತ್ತಮ್ಮಿ?"

"ಆಸ್ಪತ್ರೇದಲ್ವಾ. ಸತ್ತೋರ್ದು."

"ಆಗ್ಲಿ. ಸತ್ತೋರು ನನ್ನ ಏನ್ ಮಾಡರು? ನೆಲ ಕಚ್ತಿತ್ತು ಕಣಮ್ಮಿ. ಅವತ್ತೇ ಅದ್ರ ಮ್ಯಾಲೆ ಮಲಗ್ಸಿದ್ರಾಗಿತ್ತು. ನೀನು ಕೇಳ್ಲಿಲ್ಲ, ನನ್ನವ್ವ ಕೇಳ್ಲಿಲ್ಲ. ಬೀದಿಯೋರೆಲ್ಲ ನನ್ನ ಮಾತೇ ಆಡುದ್ರು, ನನ್ನ ಯಾರೂ ಕೇಳ್ಲಿಲ್ಲ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವ್ವ ತಿರುಗಿ ಜಗಳವಾಡಿ ಹಗುರಾಗುತ್ತಿದ್ದಳು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಸಾರಿನ ಸೌಟು ಹಿಡಿದು ನಿಂತೇ ಇದ್ದಳು, ಸಾರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಊರೂರು ತಿರುಗಿದ್ದು, ಬಿಸಿಲಲ್ಲಿ ಬೆಂದದ್ದು, ಯಾರದೋ ಗೇಟಿನಲ್ಲಿ ನಿಂತು ಹೊಟ್ಟೆ ಬಿರಿಯುವಷ್ಟು ನೀರು ಕುಡಿದದ್ದು ಎಲ್ಲ ಅಪ್ಪನಿಗಾಗಿ. ಅಪ್ಪ ಎರಡು ಮಾರು ದೂರದಲ್ಲೇ ಮಲಗಿದ್ದ. ಬೇಕಾ ಅಂತ ಕೇಳಲು ಒಂದು ಬಸ್ಸೂ ಹತ್ತಬೇಕಿರಲಿಲ್ಲ.

ಮಂಚ ತಡವಾಗಿ ಬಂದಿತ್ತು. ಹುಣ್ಣಿನ ನಂಜು ಒಳಗಿಳಿದಿತ್ತು. ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿ ಕರೆತಂದೆವು. ಒಂದು ಮಧ್ಯಾಹ್ನ ಅಪ್ಪನ ಉಸಿರು ಗೊರಗೊರ ಅನ್ನತೊಡಗಿತು. ಬೀದಿಯ ಹಿರಿಯರು ಬಂದು ನಾಡಿ ನೋಡಿ ಪಂಚೆ ಮೇಲೆ ಕಟ್ಟಿದರು. ಇಳಿಸಬೇಕು ಅಂದರು. ಯಾರೋ ನೆಲ ಗುಡಿಸಿ ನೀರು ಚಿಮುಕಿಸಿದರು. ಅಜ್ಜಿ ಲೋಟದಲ್ಲಿ ಹಾಲು ತಂದಳು. ಅವ್ವ ಬಗ್ಗಿ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟಳು.

"ಇಳುಸ್ಬೇಕು ಅಂತವ್ರೆ. ಇಳಿಸ್ಲಾ?"

ಅಪ್ಪನಿಗೆ ಮಾತು ಬರುತ್ತಿರಲಿಲ್ಲ. ಕೈ ಸರಿದು ಬಂದು ಮಂಚದ ಕಂಬಿಯನ್ನು ಹಿಡಿಯಿತು. ಅವ್ವ ಎದ್ದು ನಿಂತಳು.

"ಇಳಿಸಲ್ಲ."

"ಹುಚ್ಚು ಗಿಚ್ಚು ಹಿಡೀತಾ ನಿಂಗೆ? ಜೀವ ಅಂತರದಲ್ಲಿ ನೇತಾಡ್ತದೆ ಕಣಮ್ಮಿ" ಅಂತ ಹಿರಿಯರೊಬ್ಬರು ಗದರಿದರು.

"ನೆಲ ಅವ್ರ ಬೆನ್ನ ತಿಂದೈತೆ. ಇನ್ನೊಂದು ಸಲ ನೆಲಕ್ಕೆ ಕೊಡಲ್ಲ. ಮುಟ್ಟುದ್ರೆ ನೋಡಿ."

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಇಷ್ಟೂ ದಿನ ಕಾಯಿದೆ ಹೇಳಿದವಳು ಅವಳೇ. ಅಜ್ಜಿ ಹಾಲಿನ ಲೋಟ ಹಿಡಿದು ಮಂಚದ ಹತ್ತಿರ ಬಂದಳು, ತಲೆದಿಂಬಿನ ಪಕ್ಕ ಕೂತು, ಮಂಚದ ಮೇಲೇ, ಬೆರಳಿನಿಂದ ಮಗನ ತುಟಿಗೆ ಹಾಲು ಸವರಿದಳು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಹೋದ. ಕಂಬಿಯಿಂದ ಅವನ ಬೆರಳು ಬಿಡಿಸಲು ಅವ್ವನಿಗೆ ಬಹಳ ಹೊತ್ತು ಹಿಡಿಯಿತು.

ತಿಥಿ ಕಳೆದ ಮೇಲೆ ಮಂಚ ಅಂಗಳದಲ್ಲಿತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ, ಬಟ್ಟೆಯನ್ನೂ ಒಣಹಾಕುತ್ತಿರಲಿಲ್ಲ. ಬೆಕ್ಕೊಂದು ಮಾತ್ರ ಮಲಗುತ್ತಿತ್ತು. ಹರವೆ ಕಡೆಯ ಒಬ್ಬ ಗಂಡಸು ಮಂಚದ ಸುದ್ದಿ ಕೇಳಿ ಹುಡುಕಿಕೊಂಡು ಬಂದ. ಹೆಂಡತಿಗೆ ಪಾರ್ಶ್ವವಾಯು, ಎದ್ದೇಳುವುದಿಲ್ಲ ಅಂದ. ಮಂಚ ಅಲ್ಲಾಡಿಸಿ ನೋಡಿದ, ನವಾರು ಎಳೆದು ನೋಡಿದ, ಅವನ 'ಮಂಚ ಬೇಕು' ಅನ್ನುವ ಮುಖವನ್ನು ನಾನು ದೂರದಿಂದಲೇ ಗುರುತಿಸಿದೆ. ಆಮೇಲೆ ಕೇಳಿದ, ಅವ್ವ ಊರೂರಲ್ಲಿ ಕೇಳಿದ್ದನ್ನೇ. ಅವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕಂಬಿಯ ಮೇಲಿಟ್ಟಿದ್ದ ಕೈ ತೆಗೆದು ಪಂಚೆಗೆ ಒರೆಸಿಕೊಂಡು, "ಬತ್ತೀನಿ ತಾಯಿ" ಅಂದು ಬಸ್ಸಿನ ಕಡೆ ನಡೆದ.

ಅವ್ವ ಅವತ್ತು ಉಣ್ಣಲಿಲ್ಲ. ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿ ಮಂಚದ ಸಂದಿಸಂದಿಗೆ ಹೊಯ್ದಳು, ನವಾರು ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದಳು. ಒಣಗಿದ್ದನ್ನು ಅಜ್ಜಿ ಒಂದು ಕಡೆ, ಅವ್ವ ಒಂದು ಕಡೆ ಎಳೆದು ಬಿಗಿದರು. ಎಲ್ಲಿಗೆ, ಯಾಕೆ ಅಂತ ಅಜ್ಜಿ ಕೇಳಲಿಲ್ಲ. ಮತ್ತೆ ಮಂಚ ಬಸ್ಸಿನ ಮೇಲೇರಿತು. ಹರವೆಯಲ್ಲಿ ಇಳಿದು, ಪಾರ್ಶ್ವವಾಯು ಹೊಡೆದ ಹೆಂಗಸಿನ ಮನೆ ಯಾವುದು ಅಂತ ವಿಚಾರಿಸಿ, ಕೂಲಿಗೆ ಹೊರಟಿದ್ದ ಇಬ್ಬರ ಕೈ ಹಿಡಿಸಿ ಆ ಮನೆಯ ಅಂಗಳಕ್ಕೆ ಮಂಚ ತಂದಿಟ್ಟೆವು. ಆ ಗಂಡಸು ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡ ಅಂತ ಬಂದ್ನಲ್ಲ ತಾಯಿ. ಒತ್ಕೊಂಡು ಯಾಕ್ ಬಂದ್ರಿ? ನಮಗೆ ಆಗ್ಬರಾಕಿಲ್ಲ."

"ನಿನ್ನ ಕೇಳಾಕೆ ಬಂದಿಲ್ಲ ಕಣಣ್ಣ, ಜರುಗು."

ಅವ್ವ ಅವನನ್ನು ಸರಿಸಿಕೊಂಡು ಒಳಗೆ ಹೋದಳು, ನಾನು ಅವಳ ಸೀರೆ ಹಿಡಿದುಕೊಂಡು ಹಿಂದೆ ಹೋದೆ. ಒಳಗೆ ಆ ವಾಸನೆ ಇತ್ತು. ಮೂಲೆಯಲ್ಲಿ, ಚಾಪೆಯ ಮೇಲೆ, ಅವ್ವನ ವಯಸ್ಸಿನ ಹೆಂಗಸು ಮಲಗಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣು ನಮ್ಮನ್ನೇ ನೋಡುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು, ಅವಳನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ರವಿಕೆ ಎತ್ತಿ ಬೆನ್ನು ನೋಡಿದಳು. ಆ ಗಂಡಸೂ ಬಗ್ಗಿ ನೋಡಿದ, ನೋಡಿದವನು ಗೋಡೆಗೆ ಒರಗಿದ. ಅವ್ವ ರವಿಕೆ ಇಳಿಸಿ, ಅವಳ ಮುಖದ ಹತ್ತಿರ ಮುಖ ತಂದಳು.

"ನೋಡವ್ವ, ಒಂದು ಮಂಚ ತಂದಿವ್ನಿ. ನಮ್ಮೆಜಮಾನ್ರು ಅದ್ರ ಮ್ಯಾಲೇ ತೀರೋದ್ರು. ಇಳಿಸ್ಲಿಲ್ಲ. ಇವ್ರೆಲ್ಲ ಬ್ಯಾಡ ಅಂತಾವ್ರೆ. ನಿಂಗೆ ಬೇಕಾ, ಬ್ಯಾಡ್ವಾ? ನೀನೇ ಹೇಳು."

ಹೆಂಗಸು ಬಾಗಿಲಾಚೆ ಅಂಗಳದಲ್ಲಿದ್ದ ಮಂಚವನ್ನು ನೋಡಿದಳು. ಗಂಡನನ್ನು ನೋಡಿದಳು. ಅವಳ ನಾಲಿಗೆ ಹೊರಳುತ್ತಿರಲಿಲ್ಲ, ಒಂದೊಂದೇ ಅಕ್ಷರವನ್ನು ಗಂಟಲಿನಿಂದ ಎತ್ತಿ ತರಬೇಕಾಗಿತ್ತು. ಅವ್ವ ಕಾದಳು.

"ಬೇಗ" ಅಂದಳು ಆ ತಾಯಿ. "ಬೇಗ ನನ್ನ ಎತ್ತಿ."